ತಾಮ್ರದ ತಂತಿ, ಗಾಳಿಯ ಡಬ್ಬ, ಕೇಬಲ್‌ನವನ ಗಾಜಿನ ಎಳೆ: ಮಟ್ಟುವಿನ ಮಳೆಗೆ ನಿಂತದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ಮನೆಗೆ ಯಾರ ಇಂಟರ್ನೆಟ್ ಎಂದು ಕೇಳಿದರೆ ನನ್ನ ಮತ ಕೇಬಲ್‌ನವನಿಗೆ. ನಮ್ಮ ಕಡೆ ಟಿವಿ ಕೇಬಲ್ ಎಳೆಯುತ್ತಿದ್ದ ಹುಡುಗನೇ ಈಗ ಇಂಟರ್ನೆಟ್ಟಿನ ಫೈಬರ್, ಅಂದರೆ ಗಾಜಿನ ಎಳೆ, ಎಳೆಯುತ್ತಾನೆ. ಕಚೇರಿ ಎಂದು ಕರೆಯುವಂಥದ್ದು ಅವನಿಗಿಲ್ಲ. ಕಟಪಾಡಿ ಪೇಟೆಯ ಒಂದು ಜೆರಾಕ್ಸ್ ಅಂಗಡಿಯ ಹಿಂದೆ ಮೇಜು, ಮೇಜಿನ ಮೇಲೆ ತಂತಿಯ ಸುರುಳಿ, ಅಷ್ಟೇ. ರಸೀದಿ ಕೇಳಿದರೆ ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತೇನೆ ಎನ್ನುತ್ತಾನೆ, ಎರಡು ಸಲ ನೆನಪಿಸಬೇಕು. ಆದರೂ ಅವನೇ. ಕಾರಣ ತಿಳಿಯಬೇಕಾದರೆ ಉಳಿದ ಎರಡು ಸಂಪರ್ಕಗಳ ಕಥೆ ಕೇಳಬೇಕು. ಅದರಲ್ಲಿ ದೂರವಾಣಿ ಕಂಪನಿಯ ಕಥೆ ಉದ್ದವಾಗುತ್ತದೆ, ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನಾನು ಮನೆಯಲ್ಲೇ ಕುಳಿತು ಹನ್ನೆರಡು ಅಂಗಡಿಗಳ ಲೆಕ್ಕ ಬರೆಯುವವಳು. ಜಿಎಸ್‌ಟಿಯವರಿಗೆ ತಿಂಗಳ 11ರೊಳಗೆ ಮಾರಾಟದ ವಿವರ ಹೋಗಬೇಕು, 20ರೊಳಗೆ 3ಬಿ, ಅಂದರೆ ತೆರಿಗೆ ಲೆಕ್ಕದ ರಿಟರ್ನ್, ಹೋಗಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದ ರಿಟರ್ನ್ ಆದರೆ 20. ಮೊತ್ತ ಸಣ್ಣದು. ಆದರೆ ಹಾರ್ಡ್‌ವೇರ್ ಅಂಗಡಿಯವರು ಪಟ್ಟಿ ನೋಡಿ "ಈ ಐವತ್ತು ಯಾವುದು ಅಕ್ಕಾ?" ಎಂದು ಕೇಳಿದಾಗ ನೆಲ ಬಿರಿಯಬಾರದೇ ಎನಿಸುತ್ತದೆ. ಹಾಗಾಗಿ ನನಗೆ ವೇಗದ ಹುಚ್ಚಿಲ್ಲ. ಸಿನಿಮಾ ನೋಡುವುದಿಲ್ಲ, ಆಟ ಆಡುವುದಿಲ್ಲ. ತಿಂಗಳ ನಡುವಿನ ಹತ್ತು ದಿನ ಲೈನ್ ಸಾಯದಿದ್ದರೆ ಸಾಕು. ಈ ಹೋಲಿಕೆ ಓದುವವರು ಅದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು.

ಇನ್ನೊಂದು ಮಾತು, ಮಟ್ಟುವಿನಂಥ ಜಾಗ ಗೊತ್ತಿಲ್ಲದವರಿಗೆ. ಉಡುಪಿಯ ಹತ್ತಿರ, ಗುಳ್ಳ ಬದನೆಯಿಂದ ಹೆಸರಾದ ಊರು, ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ. ಉಪ್ಪುಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುತ್ತದೆ, ಹಿತ್ತಾಳೆಯ ಚೆಂಬು ತೊಳೆದಿಟ್ಟರೂ ಮಸುಕಾಗುತ್ತದೆ. ಇಂಥಲ್ಲಿ ಕಂಬದ ಮೇಲಿನ ಪೆಟ್ಟಿಗೆಯೊಳಗೆ ತಾಮ್ರದ ಗಂಟು ಎಷ್ಟು ಕಾಲ ಹೊಳೆಯುತ್ತದೆ ಎಂದು ನೀವೇ ಊಹಿಸಿ.

ದೂರವಾಣಿ ಕಂಪನಿಯ ತಂತಿ ಈ ಮನೆಗೆ ಬಂದದ್ದು ನಾನು ಸೊಸೆಯಾಗಿ ಬರುವುದಕ್ಕಿಂತ ಮುಂಚೆ. ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ನಮ್ಮ ಮನೆಗೆ ಬರಲು ಅದಕ್ಕೆ ಇನ್ನೂ ಏಳು ವರ್ಷ ಹಿಡಿಯಿತು, ಅದೇ ತಂತಿಯ ಮೇಲೆ, ಡಯಲ್-ಅಪ್ ರೂಪದಲ್ಲಿ. ಮೋಡೆಮ್ ಮೊದಲ ಸಲ ಕಿರುಚಿದಾಗ ಅತ್ತೆ ಅಡುಗೆಮನೆಯಿಂದ ಬಂದು, ಪೆಟ್ಟಿಗೆಯೊಳಗೆ ಹೆಗ್ಗಣ ಸಿಕ್ಕಿಕೊಂಡಿದೆಯೇ ಎಂದು ಕೇಳಿದ್ದರು. ಮಾತಿಗೆಂದು ಮಾಡಿದ ತಂತಿಯಲ್ಲಿ ಕಂಪ್ಯೂಟರಿನ ಅಂಕಿಗಳನ್ನು ಸದ್ದಾಗಿ ಮಾಡಿ ಕಳುಹಿಸುವ ಉಪಾಯ ಅದು. ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್. ಅಂದರೆ ಒಂದು ಎಂಬಿ ಇಳಿಯಲು, ಎಲ್ಲ ಗ್ರಹಗಳೂ ಅನುಕೂಲವಾಗಿದ್ದರೆ, ಎರಡೂವರೆ ನಿಮಿಷ. ಅತ್ತೆ ಒಳಗಿನ ಕೋಣೆಯ ಫೋನ್ ಎತ್ತಿದರೆ ಎಲ್ಲವೂ ಮೊದಲಿನಿಂದ. ಅದರ ಮೇಲೆ ಖರ್ಚೂ ಎರಡು ಕಡೆ: ಇಂಟರ್ನೆಟ್ಟಿನ ಗಂಟೆಗಳಿಗೆ ಒಂದು ದುಡ್ಡು, ಸಂಪರ್ಕದಲ್ಲಿದ್ದಷ್ಟು ಹೊತ್ತಿನ ಫೋನ್ ಕರೆಗೆ ಇನ್ನೊಂದು. ಆದರೂ ಆ ಕಾಲದ ಮೇಲೆ ನನಗೆ ದ್ವೇಷವಿಲ್ಲ. ಅದು ನಿಧಾನ ಎಂದು ಎಲ್ಲರಿಗೂ ಗೊತ್ತಿತ್ತು, ಕಂಪನಿಯವರೂ ಬೇರೆ ಹೇಳುತ್ತಿರಲಿಲ್ಲ.

ಆಮೇಲೆ ಅದೇ ತಂತಿಗೆ ಬ್ರಾಡ್‌ಬ್ಯಾಂಡ್ ಬಂತು. ಮಾತು ಕೆಳಗಿನ ಕಂಪನಾಂಕದಲ್ಲಿ, ಇಂಟರ್ನೆಟ್ ಮೇಲಿನದರಲ್ಲಿ. ನಡುವೆ ಎರಡನ್ನೂ ಬೇರ್ಪಡಿಸುವ ಒಂದು ಸ್ಪ್ಲಿಟರ್ ಇಟ್ಟರೆ ಅತ್ತೆ ಮಾತಾಡುತ್ತಿದ್ದರೂ ನನ್ನ ಕೆಲಸ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ವೇಗ ಸೋರಿಹೋಗುವ ವಿದ್ಯೆ ಇದು, ನಾವೋ ಕೊನೆಯ ಕಂಬದವರು. ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು 2004ರಲ್ಲಿ ಕನಿಷ್ಠ 256 ಕಿಲೋಬಿಟ್ ಇರಬೇಕಿತ್ತು, 2013ರಲ್ಲಿ 512 ಆಯಿತು, 2023ರಲ್ಲಿ ಎರಡು ಮೆಗಾಬಿಟ್. ಮಳೆಗಾಲದ ಕೆಲವು ದಿನ ನಮ್ಮ ಲೈನ್ 2004ನ್ನೂ ಮುಟ್ಟುತ್ತಿರಲಿಲ್ಲ. ಅದನ್ನೂ ಸಹಿಸಿಕೊಂಡಿದ್ದೆ.

ಸಹಿಸಲಾಗದ್ದು 2022ರ ಜುಲೈಯಲ್ಲಿ ನಡೆಯಿತು.

ತಿಂಗಳ ಮೊದಲ ವಾರ, ಒಂದು ರಾತ್ರಿಯ ಗಾಳಿಮಳೆಯ ನಂತರ ಫೋನ್ ಸತ್ತಿತು. ರಿಸೀವರ್ ಎತ್ತಿದರೆ ಏನೂ ಇಲ್ಲ, ಕೊರಕೊರ ಸದ್ದೂ ಇಲ್ಲ. ವಿಚಿತ್ರವೆಂದರೆ ಮೋಡೆಮ್ಮಿನ ದೀಪ ಮಾತ್ರ ಹತ್ತಿತ್ತು. ಪುಟ ತೆರೆಯುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು, ಸಂಪರ್ಕ ಹೋಗಿ ಮತ್ತೆ ಬರುತ್ತಿತ್ತು. ಗ್ರಾಹಕ ಸೇವೆಗೆ ಮೊಬೈಲಿನಿಂದ ಕರೆ ಮಾಡಿದೆ. ಕನ್ನಡಕ್ಕೆ ಯಾವ ಗುಂಡಿ ಎಂದು ಹಿಂದಿಯಲ್ಲಿ ಹೇಳಿದರು. ಒತ್ತಿದೆ. ಉಡುಪಿಯ ಕೋಡ್ 0820 ಸೇರಿಸಿ ನಂಬರ್ ಒತ್ತಲು ಹೇಳಿದರು, ಅದನ್ನೂ ಒತ್ತಿದೆ. ಹದಿನೈದು ನಿಮಿಷದ ಸಂಗೀತದ ನಂತರ ಬಂದ ಹುಡುಗಿ ವಿನಯದಿಂದಲೇ ಹೇಳಿದಳು, "ನಿಮ್ಮ ಮೋಡೆಮ್ ನಮಗೆ ಆನ್‌ಲೈನ್ ಕಾಣುತ್ತಿದೆ ಮೇಡಂ, ಲೈನ್ ಸರಿ ಇದೆ."

"ಫೋನ್ ಸತ್ತಿದೆಯಲ್ಲ?"

"ಮೋಡೆಮ್ ಆಫ್ ಮಾಡಿ ಮೂವತ್ತು ಎಣಿಸಿ, ಮತ್ತೆ ಆನ್ ಮಾಡಿ."

ಎಣಿಸಿದೆ. ಆ ತಿಂಗಳಲ್ಲಿ ನಾನು ಎಣಿಸಿದ ಮೂವತ್ತುಗಳನ್ನು ಜಪಮಣಿಯಲ್ಲಿ ಎಣಿಸಿದ್ದರೆ ಪುಣ್ಯವಾದರೂ ಬರುತ್ತಿತ್ತು. ಕೊನೆಗೆ ದೂರು ಬರೆದುಕೊಂಡು ಒಂದು ದೊಡ್ಡ ಸಂಖ್ಯೆ ಕೊಟ್ಟರು. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ. ಮರುದಿನ ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ.

ಯಾರೂ ಬಂದಿರಲಿಲ್ಲ. ಮತ್ತೆ ಕರೆ, ಮತ್ತೆ ಸಂಗೀತ, ಮತ್ತೆ ಸಂಖ್ಯೆ. ಮರುದಿನ ಮತ್ತೆ ಅದೇ ಸಂದೇಶ. ಮೂರನೆಯ ಸಲ ಗಟ್ಟಿಯಾಗಿ ಕೇಳಿದಾಗ ಗುಟ್ಟು ಹೊರಬಿತ್ತು. ದೂರು ಮುಂದೆ ಹೋಗುವ ಮೊದಲು ಗ್ರಾಹಕರಿಗೆ ಒಂದು ದೃಢೀಕರಣದ ಕರೆ ಹೋಗುತ್ತದಂತೆ. ಅವರು ಎತ್ತದಿದ್ದರೆ ದೂರು ತಾನಾಗಿ ಮುಚ್ಚಿಕೊಳ್ಳುತ್ತದಂತೆ. ಆ ಕರೆ ಯಾವ ನಂಬರಿಗೆ ಹೋಗುತ್ತಿತ್ತು? ಸತ್ತ ಫೋನಿಗೆ.

ಹಾಗಾದರೆ ನನ್ನ ಮೊಬೈಲ್ ನಂಬರನ್ನು ಬರೆದುಕೊಳ್ಳಿ ಎಂದೆ. ಬರೆದುಕೊಳ್ಳಬಹುದು, ಆದರೆ ಬದಲಾವಣೆಗೆ ಖಾತೆದಾರರ ಒಪ್ಪಿಗೆ ಬೇಕು, ಒಪ್ಪಿಗೆ ಕೇಳುವ ಕರೆ ನೋಂದಾಯಿತ ನಂಬರಿಗೇ ಬರುತ್ತದೆ ಎಂದರು. ನೋಂದಾಯಿತ ನಂಬರ್ ಎಂದರೆ ಮತ್ತೆ ಅದೇ ಸತ್ತ ಫೋನ್. ಖಾತೆದಾರರೋ ನನ್ನ ಮಾವ. ಅವರು ತೀರಿಹೋಗಿ ಹನ್ನೊಂದು ವರ್ಷ. ನಾನು ಒಂದು ಕ್ಷಣ ಮಾತಾಡಲಿಲ್ಲ. ಆ ಕಡೆಯ ಹುಡುಗ, "ಇನ್ನೇನಾದರೂ ಸಹಾಯ ಬೇಕೇ?" ಎಂದು ಕೇಳಿದ.

ಆ ಹುಡುಗ ಹುಡುಗಿಯರ ಮೇಲೆ ನನಗೆ ಕೋಪವಿಲ್ಲ. ಅವರ ಮುಂದಿನ ಪರದೆ ಹೇಳಿದ್ದನ್ನು ಅವರು ಓದುತ್ತಾರೆ. ಪರದೆಗೆ ಮಟ್ಟುವಿನ ಕಂಬ ಕಾಣುವುದಿಲ್ಲ.

ಕ್ಯಾಲೆಂಡರಿನಲ್ಲಿ ಐದು ಸಂಖ್ಯೆಗಳಾದವು. 20ನೇ ತಾರೀಕು ಹತ್ತಿರವಾಯಿತು. ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಸ್ ಹಿಡಿದು ಉಡುಪಿಯ ಅಣ್ಣನ ಮನೆಗೆ ಹೋಗಿ ಹತ್ತು ಅಂಗಡಿಗಳದ್ದು ಮುಗಿಸಿದೆ. ಎರಡರದ್ದು ಕಾಗದವೇ ಮನೆಯಲ್ಲಿ ಉಳಿದಿತ್ತು, ಮೂರು ದಿನ ತಡವಾಯಿತು. ಮುನ್ನೂರು ರೂಪಾಯಿ ದಂಡ, ನನ್ನ ಕೈಯಿಂದ.

ಅಪೀಲು ಎನ್ನುವುದೊಂದಿದೆ ಎಂದು ಹೇಳಿದವನು ಅಣ್ಣ. ದೂರಿನ ಉತ್ತರ ಸರಿಯಿಲ್ಲದಿದ್ದರೆ ಕಂಪನಿಯ ಒಳಗೇ ಇರುವ ಅಪೀಲು ಪ್ರಾಧಿಕಾರಕ್ಕೆ ಬರೆಯಬಹುದು. ಖರ್ಚಿಲ್ಲ, 39 ದಿನದೊಳಗೆ ತೀರ್ಮಾನಿಸಬೇಕು ಎಂಬ ನಿಯಮ 2012ರಿಂದ ಇದೆ. ಫೋನ್ ಕಂಪನಿಗಳಿಗೆ ನಿಯಮ ಹಾಕುವ ಪ್ರಾಧಿಕಾರವಾದ ಟ್ರಾಯ್‌ಗೆ ನೇರವಾಗಿ ಬರೆದು ಕಾಯುವವರಿದ್ದಾರೆ. ಒಬ್ಬೊಬ್ಬರ ದೂರನ್ನು ಬಿಡಿಸುವುದು ಅವರ ಕೆಲಸವಲ್ಲ, ಕಂಪನಿಗೆ ದಾಟಿಸುತ್ತಾರೆ ಅಷ್ಟೇ. ಮುಚ್ಚಿದ ಐದು ದೂರುಗಳ ಸಂಖ್ಯೆಗಳನ್ನೂ ಸಾಲಾಗಿ ಬರೆದು ಕಳುಹಿಸಿದೆ. ನಾಲ್ಕನೆಯ ದಿನ ಲೈನ್‌ಮನ್ ಬಂದರು.

ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ, ರೈನ್‌ಕೋಟಿನಿಂದ ನೀರು ಸುರಿಯುತ್ತಿತ್ತು. ಕಂಬ ಹತ್ತಿ ಪೆಟ್ಟಿಗೆ ತೆರೆದರು. ಒಳಗೆ ಇರುವೆಗಳ ಸಂಸಾರ, ತಾಮ್ರದ ತುದಿಗೆ ಹಸಿರು ಕಿಲುಬು. "ಜೋಡಿಯಲ್ಲಿ ಒಂದು ತಂತಿ ತುಂಡಾಗಿದೆ ಅಕ್ಕಾ. ಇನ್ನೊಂದರ ಮೇಲೆಯೇ ನಿಮ್ಮ ಇಂಟರ್ನೆಟ್ ಏದುಸಿರು ಬಿಡುತ್ತಿತ್ತು" ಎಂದರು. ಮಾತಿಗೆ ಎರಡೂ ತಂತಿ ಬೇಕು. ಬ್ರಾಡ್‌ಬ್ಯಾಂಡಿನ ಮೇಲಿನ ಕಂಪನ ಒಂದೇ ತಂತಿಯಲ್ಲೂ ಕೆಲವೊಮ್ಮೆ ಕುಂಟುತ್ತಾ ದಾಟಿಬಿಡುತ್ತದೆ. ಫೋನ್ ಸತ್ತು ಮೋಡೆಮ್ ಬದುಕಿದ್ದರ ಅರ್ಥ ಅದು. ಗೊತ್ತಿರುವವರಿಗೆ ಅದೇ ರೋಗಲಕ್ಷಣ. ಗ್ರಾಹಕ ಸೇವೆಗೆ ಅದೇ ಲೈನ್ ಸರಿಯಿದೆ ಎಂಬುದಕ್ಕೆ ಸಾಕ್ಷಿ. ಕೆಲಸ ಹತ್ತು ನಿಮಿಷದ್ದು. ಕಾದದ್ದು ಇಪ್ಪತ್ತಮೂರು ದಿನ. ಅವರಿಗೆ ಚಹಾ ಕೊಟ್ಟೆ. ನಿಂತುಕೊಂಡೇ ಕುಡಿದರು, ಮುಂದೆ ಇನ್ನೂ ಆರು ಮನೆ ಇದೆ ಎಂದರು.

ಎರಡನೆಯದು ಗಾಳಿಯ ಡಬ್ಬ. ಅಂದರೆ ಸಿಮ್ ಹಾಕಿದ ರೌಟರ್, ಟವರಿನಿಂದ ನೇರವಾಗಿ ಬರುವಂಥದ್ದು, ಬೇರೊಂದು ದೊಡ್ಡ ಕಂಪನಿಯದು. ಬೆಂಗಳೂರಿನಲ್ಲಿರುವ ಮಗ ಹಟ ಮಾಡಿ ಹಾಕಿಸಿದ. ತಿಂಗಳಿಗೆ 599 ಎಂದರು. ತೆರಿಗೆ ಸೇರಿಸಿ ಆರು ತಿಂಗಳದ್ದನ್ನು ಒಟ್ಟಿಗೆ ಕಟ್ಟಿಸಿಕೊಂಡಾಗ 4,241 ಆಯಿತು. ಡಿಸೆಂಬರಿನಿಂದ ಮೇ ತನಕ ಹೂವಿನ ಹಾಗೆ ನಡೆಯಿತು. ಜೂನ್ ಬಂತು, ಕರೆಂಟು ಹೋಯಿತು. ನಮ್ಮಲ್ಲಿ ಇನ್ವರ್ಟರ್ ಇತ್ತು, ಡಬ್ಬದ ದೀಪ ಉರಿಯುತ್ತಲೇ ಇತ್ತು, ಆದರೆ ಕೆಲವು ಗಂಟೆಗಳ ನಂತರ ಟವರಿನ ಬ್ಯಾಟರಿ ಮುಗಿಯಿತು. ನನ್ನ ಮೊಬೈಲೂ ಅದೇ ಟವರಿನದು, ಒಟ್ಟಿಗೆ ಹೋದವು. ಒಟಿಪಿ ಬರಲೂ ದಾರಿಯಿಲ್ಲ. ನಮ್ಮ ಮತ್ತು ಟವರಿನ ನಡುವೆ ನಿಂತಿರುವ ತೆಂಗಿನ ತೋಟ ಒದ್ದೆಯಾದರೆ ಸಿಗ್ನಲ್ ಒಂದು ಗೆರೆ ಇಳಿಯುತ್ತಿದ್ದದ್ದು ಬೇರೆ. ಇವರ ಗ್ರಾಹಕ ಸೇವೆಯಲ್ಲಿ ಮನುಷ್ಯರೇ ಇಲ್ಲ, ಆ್ಯಪ್‌ನಲ್ಲಿ ಒಂದು ಯಂತ್ರ ಮಾತಾಡುತ್ತದೆ. ಆ್ಯಪ್ ತೆರೆಯಲು ಇಂಟರ್ನೆಟ್ ಬೇಕು. ಹೆಚ್ಚು ಹೇಳುವುದಿಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ, ಆಗಾಗ ಊರು ಬದಲಿಸುವವರಿಗೆ, ಮಣಿಪಾಲದಂಥ ಕಡೆ ಟವರಿನ ಕೆಳಗೇ ಇರುವವರಿಗೆ ಇದು ಒಳ್ಳೆಯದೇ.

ಇನ್ನು ಕೇಬಲ್‌ನವ. ತಿಂಗಳಿಗೆ 499 ಎಂದ, ತೆರಿಗೆ ಸೇರಿ 589. ವೇಗ ಅವನು ಹೇಳಿದಷ್ಟೇ ಬರುತ್ತದೆ. ಕೂದಲೆಳೆಯಷ್ಟು ತೆಳುವಾದ ಗಾಜಿನೊಳಗೆ ಬೆಳಕು ಹೋಗುತ್ತದೆ, ಅದಕ್ಕೆ ಕಿಲುಬು ಹಿಡಿಯುವುದಿಲ್ಲ. ಗಾಜಿನಲ್ಲಿ ಸಿಡಿಲು ಹರಿದು ಬರುವುದಿಲ್ಲ. ಕರೆಂಟಿನ ಪ್ಲಗ್ಗಿನಿಂದ ಬರಬಹುದು, ಅದನ್ನು ಗುಡುಗು ಕೇಳಿದೊಡನೆ ಕೀಳುತ್ತೇನೆ. ಫೈಬರಿನ ಡಬ್ಬಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಕಟ್ಟಿಕೊಂಡಿದ್ದೇನೆ. ಅವನೂ ತನ್ನ ಕಡೆ ಬ್ಯಾಟರಿ ಇಟ್ಟಿದ್ದಾನೆ, ಹಾಗಾಗಿ ಕರೆಂಟಿಲ್ಲದ ಮಧ್ಯಾಹ್ನಗಳೂ ದಾಟಿವೆ.

ಕೆಟ್ಟಿಲ್ಲ ಎಂದಲ್ಲ. ಮೊದಲ ಮಳೆಗಾಲದಲ್ಲಿ ಮೂರು ಸಲ ಕೆಟ್ಟಿತು. ಒಮ್ಮೆ ತೆಂಗಿನ ಮಡಲು ಬಿದ್ದು, ಒಮ್ಮೆ ಅಳಿಲು ಕಚ್ಚಿ, ಇನ್ನೊಮ್ಮೆ ರಸ್ತೆ ಅಗೆಯುತ್ತಿದ್ದ ಜೆಸಿಬಿಯ ಕೃಪೆಯಿಂದ. ಮೂರೂ ಸಲ ಅವನದೇ ಮೊಬೈಲಿಗೆ ಕರೆ ಮಾಡಿದೆ, ಮೂರೂ ಸಲ ಅವನ ಮೊದಲ ಪ್ರಶ್ನೆ ಒಂದೇ: "ಅಕ್ಕಾ, ಕೆಂಪು ದೀಪ ಉಂಟಾ?" ಕೆಂಪು ದೀಪ ಹತ್ತಿದರೆ ಬೆಳಕು ಮನೆಯ ತನಕ ತಲುಪುತ್ತಿಲ್ಲ ಎಂದರ್ಥ, ಅಂದರೆ ಹೊರಗೆ ಎಲ್ಲೋ ತುಂಡಾಗಿದೆ, ಏಣಿ ತರಬೇಕು. ಹತ್ತದಿದ್ದರೆ ಬೇರೆ ತೊಂದರೆ, ಏಣಿ ಬೇಡ. ಒಂದು ಪ್ರಶ್ನೆ, ಒಂದು ಉತ್ತರ. ನನ್ನಿಂದ ಮೂವತ್ತು ಎಣಿಸಲಿಲ್ಲ. ಸಂಜೆಯೊಳಗೆ ಸ್ಕೂಟರಿನಲ್ಲಿ ಏಣಿ ಕಟ್ಟಿಕೊಂಡು ಬಂದ. ತುಂಡಾದ ಎರಡು ತುದಿಗಳನ್ನು ಒಂದು ಪುಟ್ಟ ಯಂತ್ರದಲ್ಲಿಟ್ಟ, ಕಿಡಿ ಹಾರಿ ಗಾಜು ಕರಗಿ ಅಂಟಿಕೊಂಡಿತು. ಅಷ್ಟರಲ್ಲಿ ನನ್ನ ಚಹಾ ಇನ್ನೂ ಕುದಿದಿರಲಿಲ್ಲ.

ಅವನ ಕುಂದುಗಳನ್ನೂ ಹೇಳಬೇಕು. ಹವ್ಯಾಸಿ ಯಕ್ಷಗಾನ ತಂಡದಲ್ಲಿ ಚೆಂಡೆ ಬಾರಿಸುತ್ತಾನೆ, ಆಟವಿದ್ದ ರಾತ್ರಿಯ ಮರುದಿನ ಮಧ್ಯಾಹ್ನದ ತನಕ ಫೋನ್ ಎತ್ತುವುದಿಲ್ಲ. ತಂಗಿಯ ಮದುವೆಯ ಎರಡು ದಿನ ಇಡೀ ಊರಿನ ಇಂಟರ್ನೆಟ್ಟಿಗೆ ದಿಕ್ಕಿರಲಿಲ್ಲ, ನನ್ನ ಪುಣ್ಯಕ್ಕೆ ಅದು 25ನೇ ತಾರೀಕಿನ ನಂತರ. ನಾಳೆ ಅವನು ದುಬೈಗೆ ಹೋದರೆ ಏನು ಎಂದು ಮಗ ಕೇಳುತ್ತಾನೆ. ಕೇಳುವುದು ಸರಿಯೇ. ಅದಕ್ಕೇ ವರ್ಷದ ದುಡ್ಡು ಒಟ್ಟಿಗೆ ಕಟ್ಟುವುದಿಲ್ಲ, ಎರಡು ತಿಂಗಳು ಉಚಿತ ಎಂದರೂ ಇಲ್ಲ. ಮನೆಯಲ್ಲೇ ಕುಳಿತು ವಿದೇಶದ ಕಂಪನಿಗೆ ರಾತ್ರಿ ಕೆಲಸ ಮಾಡುವವರು ಇಂಥ ಒಬ್ಬನನ್ನೇ ನೆಚ್ಚಿಕೊಳ್ಳುವುದು ಬೇಡ, ಗಾಳಿಯ ಡಬ್ಬವನ್ನೂ ಇಟ್ಟುಕೊಳ್ಳಲಿ. ನನಗೆ ಎರಡರ ಖರ್ಚು ಹೊರೆ.

ಎರಡು ಎಂದೆನಲ್ಲ, ನಿಜಕ್ಕೂ ನಾನು ಎರಡಕ್ಕೆ ಕಟ್ಟುತ್ತಿದ್ದೇನೆ. ಹಳೆಯ ಫೋನನ್ನು ಇನ್ನೂ ಬಿಟ್ಟಿಲ್ಲ. ಬ್ರಾಡ್‌ಬ್ಯಾಂಡ್ ತೆಗೆಸಿದೆ, ಮಾತಿನದ್ದು ಮಾತ್ರ ಉಳಿದಿದೆ. ಅತ್ತೆಯ ಓರಗೆಯವರಲ್ಲಿ ಉಳಿದಿರುವ ಮೂವರಿಗೂ ಬಾಯಿಪಾಠ ಇರುವುದು ಅದೊಂದೇ ನಂಬರ್. ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುವುದರಿಂದ ಕರೆಂಟು ಹೋದರೂ ಅದು ಬದುಕಿರುತ್ತದೆ, ಅದೊಂದು ಗುಣವನ್ನು ಅಲ್ಲಗಳೆಯಲಾರೆ. ಅತ್ತೆ ದಿನಾ ಸಂಜೆ ದೀಪ ಹಚ್ಚಿದ ಮೇಲೆ ರಿಸೀವರ್ ಎತ್ತಿ ಸದ್ದಿದೆಯೇ ಎಂದು ನೋಡುತ್ತಾರೆ.

ಮೊನ್ನೆ ಸದ್ದಿರಲಿಲ್ಲ. ದೂರು ಕೊಡು ಎಂದರು. ಕೊಟ್ಟೆ. ಈ ವರ್ಷದ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಂಖ್ಯೆ ಬರೆದಿಟ್ಟೆ. ಇವತ್ತು ಬೆಳಿಗ್ಗೆ ಏಳಕ್ಕೆ ಮೊಬೈಲಿಗೆ ಸಂದೇಶ ಬಂದಿದೆ, ದೂರನ್ನು ಪರಿಹರಿಸಲಾಗಿದೆಯಂತೆ.