ಕಲ್ಲಿನ ಮರಿಗೆ: ಹುಳಿಗೆ ಹತ್ತಕ್ಕೆ ಹತ್ತು, ಪಲ್ಯಕ್ಕೆ ಬೇಡ

ಬಳಪದ ಕಲ್ಲಿನ ಮರಿಗೆ, ಅಂದರೆ ಕಲ್ಲಿನ ಅಡುಗೆ ಪಾತ್ರೆ, ತಗೊಂಡು ಮೂರ್ನಾಲ್ಕು ವರ್ಷ ಆಯ್ತು. ಪಾರ್ಸೆಲ್ ಬಿಚ್ಚಿದ ದಿನವೇ ಐದು ಸ್ಟಾರ್ ಕೊಟ್ಟು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಪಾತ್ರೆ ಬಳಸಿ ಬಳಸಿ ಕಪ್ಪಾದ ಮೇಲೆ ಬರೆಯುವವರು ಕಮ್ಮಿ. ಅದಕ್ಕೇ ಇದು.

ನಮ್ಮದು ಎರಡು ಲೀಟರ್ ಹಿಡಿಯುತ್ತದೆ. ಖಾಲಿ ಇದ್ದಾಗಲೇ ಮೂರು ಕಿಲೋ ಮೇಲೆ ತೂಗುತ್ತದೆ. 1,400 ರೂಪಾಯಿ ಕೊಟ್ಟೆ, ಕೊರಿಯರ್ ಬೇರೆ. ಮೊದಲು ಬಂದದ್ದರ ಅಂಚು ಒಡೆದಿತ್ತು. ಫೋಟೋ ಕಳಿಸಿದರೆ "ಕೈಕೆಲಸ ಅಲ್ವಾ ಮೇಡಂ, ಸ್ವಲ್ಪ ಹಾಗೇ ಇರುತ್ತೆ" ಅಂದರು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಮೈಮೇಲೆ ಉಳಿಯ ಗೆರೆ, ಇದೆಲ್ಲ ಕೈಕೆಲಸ ಅಂದರೆ ಒಪ್ಪುತ್ತೇನೆ, ಇಷ್ಟವೂ ಪಡುತ್ತೇನೆ. ಒಡೆದ ಅಂಚು ಯಾವ ಲೆಕ್ಕದಲ್ಲಿ ಕೈಕೆಲಸ? ಜಗ್ಗಾಡಿದ ಮೇಲೆ ಬೇರೆ ಕಳಿಸಿದರು.

ಪಳಗಿಸುವ ಕೆಲಸಕ್ಕೆ ತಾಳ್ಮೆ ಬೇಕು. ಹೊಸ ಮರಿಗೆ ತೊಳೆದಾಗ ಬೂದು ಬಣ್ಣದ ಹುಡಿ ನೀರಿನ ಜೊತೆ ಇಳಿಯುತ್ತದೆ. ಅದು ಹೋಗುವ ತನಕ ತೊಳೆದು, ಒಳಗೂ ಹೊರಗೂ ಹರಳೆಣ್ಣೆ, ಅರಿಶಿನ ಹಚ್ಚಿ ಇಡಬೇಕು, ಆಮೇಲೆ ದಿನಾ ಬಿಸಿ ಗಂಜಿನೀರು ತುಂಬಿಸಿ ಬದಲಾಯಿಸುತ್ತಾ ಇರಬೇಕು. ಒಂದು ವಾರವಾದರೂ ಬೇಕು. ಒಲೆ ಮೇಲೆ ಮೊದಲ ಸಲ ಇಡುವಾಗ ನೀರು ತುಂಬಿಸಿ, ಸಣ್ಣ ಉರಿಯಲ್ಲಿ, ನಿಧಾನಕ್ಕೆ. "ಪಳಗಿಸಿ ಕೊಡುತ್ತೇವೆ" ಅಂತ ಮುನ್ನೂರು ರೂಪಾಯಿ ಹೆಚ್ಚಿಗೆ ಕೇಳುವವರಿದ್ದಾರೆ. ಸುಮ್ನೆ ದುಡ್ಡು ದಂಡ ಅಂತ ನನಗನ್ನಿಸುತ್ತದೆ. ಎಣ್ಣೆ ಸವರಿ ಕಪ್ಪಗೆ ಮಾಡಿ ಕೊಟ್ಟರೆ ಪಳಗಿದೆಯೋ ಇಲ್ಲವೋ ನಮಗೆ ಗೊತ್ತಾಗುವುದಾದರೂ ಹೇಗೆ?

ಈಗ ಅಡುಗೆ ವಿಷಯ. ಹುಳಿ ಮಾಡಲಿಕ್ಕೆ ಇದಕ್ಕಿಂತ ಒಳ್ಳೆ ಪಾತ್ರೆ ನಮ್ಮ ಮನೆಯಲ್ಲಿ ಇಲ್ಲ. ಹುಣಸೆಹುಳಿ ಎಷ್ಟು ಹೊತ್ತು ಕುದಿದರೂ ಕಲ್ಲಿಗೆ ಏನೂ ಆಗುವುದಿಲ್ಲ. ಅಲ್ಯೂಮಿನಿಯಮ್ಮಲ್ಲೋ ಕಬ್ಬಿಣದಲ್ಲೋ ಮಾಡಿದರೆ ಬರುವ ಲೋಹದ ವಾಸನೆ ಇಲ್ಲ. ಹಾಗಲಕಾಯಿ ಮೆಣಸ್ಕಾಯಿ, ಅಮಟೆಕಾಯಿ ಗೊಜ್ಜು, ಸೌತೆಕಾಯಿ ಹುಳಿ, ಎಲ್ಲ ಇದರಲ್ಲೇ. ರಾತ್ರಿ ಉಳಿದದ್ದನ್ನು ಬೇರೆ ಪಾತ್ರೆಗೆ ಬಗ್ಗಿಸುವ ಕೆಲಸವೂ ಇಲ್ಲ.

ಒಂದೇ ಒಂದು ಅಭ್ಯಾಸ ಬದಲಿಸಬೇಕು. ಗ್ಯಾಸ್ ಆರಿಸಿದ ಮೇಲೂ ಹುಳಿ ಕೊತಕೊತ ಕುದಿಯುತ್ತಲೇ ಇರುತ್ತದೆ. ಮೊದಲು ನಡುವಿನ ಗುಳ್ಳೆ ನಿಲ್ಲುತ್ತದೆ, ಅಂಚಿನಲ್ಲಿ ಮಾತ್ರ ಒಂದೊಂದೇ ಏಳುತ್ತಾ ಐದಾರು ನಿಮಿಷ ಹಾಗೇ ಇರುತ್ತದೆ. ಹಾಗಾಗಿ ತರಕಾರಿ ಮುಕ್ಕಾಲು ಬೆಂದಾಗಲೇ ಆರಿಸಬೇಕು. ಬೆಂಡೆಕಾಯಿ ಆದರೆ ಇನ್ನೂ ಮುಂಚೆ. ಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸಿಕೊಂಡರೇ ಒಳ್ಳೆಯದು, ಇದರಲ್ಲಿ ಬೇಯಿಸುತ್ತಾ ಕೂತರೆ ಗ್ಯಾಸಿನ ಖರ್ಚು ನೋಡಿ ಬೇಜಾರಾಗುತ್ತದೆ. ಒಗ್ಗರಣೆ ಬೇರೆ ಸೌಟಿನಲ್ಲಿ. ಖಾಲಿ ಮರಿಗೆ ಕಾಯಿಸುವ ಹಾಗಿಲ್ಲ, ಬಿಸಿ ಇದ್ದಾಗ ತಣ್ಣೀರು ಹುಯ್ಯುವ ಹಾಗೂ ಇಲ್ಲ. ಎರಡರಲ್ಲೂ ಬಿರುಕು ಬಿಡುವ ಭಯ. ಪಲ್ಯ ಹುರಿಯುವುದು ಇದರ ಕೆಲಸವಲ್ಲ, ಅದಕ್ಕೆ ಬಾಣಲೆ ಇದೆ. ಇಂಡಕ್ಷನ್ ಒಲೆ ಮಾತ್ರ ಇರುವ ಮನೆಯವರು ಇಲ್ಲಿಗೇ ಓದುವುದು ನಿಲ್ಲಿಸಬಹುದು, ಕಲ್ಲು ಅದರ ಮೇಲೆ ಕಾಯುವುದಿಲ್ಲ.

ಆರೋಗ್ಯದ ಬಗ್ಗೆ ಮಾರುವವರು ಹೇಳುವುದನ್ನು ಮಾತ್ರ ನಾನು ನಂಬುವುದಿಲ್ಲ. ಹುಳಿ ತಾಗಿದರೂ ಕಲ್ಲಿಗೆ ಏನೂ ಆಗಲ್ಲ ಅಂತ ಒಂದು ಸಾಲಿನಲ್ಲಿ ಬರೆಯುತ್ತಾರೆ, ಮುಂದಿನ ಸಾಲಿನಲ್ಲಿ ಕಲ್ಲಿನ ಖನಿಜ ಎಲ್ಲ ಸಾರಿಗೆ ಇಳಿಯುತ್ತೆ ಅಂತಾರೆ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ? ರುಚಿಗೆ ತಗೊಳ್ಳಿ, ಔಷಧಿ ಅಂತ ತಗೊಳ್ಳಬೇಡಿ.

ತೊಳೆಯಲು ಸೀಗೆಪುಡಿ ಇಲ್ಲವೇ ಕಡಲೆಹಿಟ್ಟು ಸಾಕು. ಜಿಡ್ಡು ಜಾಸ್ತಿ ಇದ್ದ ದಿನ ಪಾತ್ರೆ ಸೋಪು ಸ್ವಲ್ಪ ಹಾಕುತ್ತೇನೆ, ಏನೂ ಆಗಿಲ್ಲ. ಸ್ಟೀಲ್ ನಾರು ಬೇಡ, ಗೀರು ಬೀಳುತ್ತದೆ. ಬೂದು ಬಣ್ಣ ಹೋಗಿ ಈಗ ಪೂರ್ತಿ ಕಪ್ಪು. ಮೊಸರಿಗೆ ಮಾತ್ರ ಬೇರೆ ಪುಟ್ಟ ಮರಿಗೆ ಇಟ್ಟಿದ್ದೇನೆ, ಇದರಲ್ಲಿ ಇಂಗಿನ ವಾಸನೆ ಕೂತುಬಿಟ್ಟಿದೆ.

ಅದೇ ಅಂಗಡಿಯಿಂದ ಇನ್ನೆರಡು ಸಾಮಾನು ತರಿಸಿದ್ದೆ. ಬಚ್ಚಲಿಗೆ ಹೀರೆಕಾಯಿ ನಾರು: ಮೈ ಉಜ್ಜಲು ಚೆನ್ನಾಗಿದೆ, ಆದರೆ ಬಿಸಿಲಿಗೆ ಒಣಗಿಸದಿದ್ದರೆ ಮಳೆಗಾಲದಲ್ಲಿ ಬೂಷ್ಟು ಗ್ಯಾರಂಟಿ. ಹಿತ್ತಲಲ್ಲಿ ಹೀರೆ ಬಳ್ಳಿ ಇರುವವರು ದುಡ್ಡು ಕೊಡಲೇಬೇಡಿ. ಇನ್ನೊಂದು ಚನ್ನಪಟ್ಟಣದ ಬಣ್ಣದ ಡಬ್ಬಿ, ಏಲಕ್ಕಿ ಲವಂಗಕ್ಕೆ. ಲೇತಿನಲ್ಲಿ ತಿರುಗುವ ಆಲೆ ಮರದ ತುಂಡಿನ ಮೇಲೆ ಅರಗಿನ ಕಡ್ಡಿ ಒತ್ತಿ, ಆ ಉಜ್ಜಾಟದ ಬಿಸಿಗೇ ಕರಗಿಸಿ ಬಣ್ಣ ಹತ್ತಿಸುತ್ತಾರೆ, ಆಮೇಲೆ ತಾಳೆಗರಿಯಿಂದ ಹೊಳಪು. ಬಿಸಿಗೆ ಹತ್ತಿದ್ದು ಬಿಸಿಗೇ ಮೆತ್ತಗೂ ಆಗುತ್ತದಲ್ಲ, ಒಲೆ ಪಕ್ಕದ ಕಟ್ಟೆಯಲ್ಲಿ ಇಡಬೇಡಿ. ದೂರ ಇಟ್ಟದ್ದರಿಂದ ನಮ್ಮದು ಇನ್ನೂ ಹೊಸದರ ಹಾಗೇ ಇದೆ.

ಮರಿಗೆ ಕೊಳ್ಳುವವರಿಗೆ ಒಂದೆರಡು ಮಾತು. ಸಾಧ್ಯವಾದರೆ ಅಂಗಡಿಗೇ ಹೋಗಿ. ತಳವನ್ನು ಮೊಳೆಯಿಂದ ಮೆಲ್ಲಗೆ ಗೀರಿ ನೋಡಿ, ಬಿಳಿ ಗೆರೆ ಬೀಳಬೇಕು. ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪವೂ ಇದೇ ಮೆತ್ತನೆ ಕಲ್ಲು. 1117ರ ಬೇಲೂರಿನ ಗುಡಿಯಲ್ಲಿ ಮದನಿಕೆಯರ ಬಳೆ, ಸರ ಅಷ್ಟು ಸಣ್ಣಗೆ ಕೆತ್ತಲು ಆದದ್ದೂ ಈ ಜಾತಿಯ ಕಲ್ಲಾದ್ದರಿಂದಲೇ. ಗೆರೆ ಬೀಳದಿದ್ದರೆ ಬೇರೆ ಏನೋ ಕೊಡುತ್ತಿದ್ದಾರೆ ಅಂತ ಅರ್ಥ. ಇಬ್ಬರು ಮೂವರ ಮನೆಗೆ ಒಂದೂವರೆ ಲೀಟರ್ ಸಾಕು. ತುಂಬಿದ ಎರಡು ಲೀಟರಿನದನ್ನು ಎತ್ತಿ ಇಳಿಸುವಾಗ ಕೈ ಸೋಲುತ್ತದೆ, ನಮ್ಮತ್ತೆಯಂತೂ ಮುಟ್ಟುವುದೇ ಇಲ್ಲ. ಕಲ್ಲಿನ ಮುಚ್ಚಳಕ್ಕೆ ಬೇರೆ ದುಡ್ಡು ಕೇಳಿದರೆ ಬೇಡ ಅನ್ನಿ, ಮನೆಯ ಸ್ಟೀಲ್ ತಟ್ಟೆಯೇ ಸರಿಯಾಗಿ ಕೂರುತ್ತದೆ.