ವೈರ್ ಡಿಸ್ಕ್ ಬ್ರೇಕೋ, ಆಯಿಲ್ ಡಿಸ್ಕ್ ಬ್ರೇಕೋ: ಬೆಟ್ಟ ಇಳಿಯುವ ರೇಸಿನಲ್ಲಿ ಎರಡನ್ನೂ ಹಿಡಿದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಆಯಿಲ್ ಬ್ರೇಕೇ ಇಷ್ಟ. ಅದರ ದೆಸೆಯಿಂದ 2,600 ರೂಪಾಯಿ ಕೈಬಿಟ್ಟಿದೆ, ರೇಸಿಗೆ ವಾರ ಇರುವಾಗ ಸೈಕಲ್ ಜಗಲಿಯ ಮೂಲೆ ಸೇರಿದೆ, ಆದರೂ ಇಷ್ಟ. ಎರಡೂ ಸೈಕಲ್ ಚಕ್ರದ ಡಿಸ್ಕನ್ನು ಹಿಡಿದು ನಿಲ್ಲಿಸುವ ಬ್ರೇಕುಗಳೇ, ಆದರೆ ಲಿವರ್ ಒತ್ತಿದ ಬಲ ಒಂದರಲ್ಲಿ ವೈರಿನ ಮೂಲಕ ಹೋಗುತ್ತದೆ, ಇನ್ನೊಂದರಲ್ಲಿ ಪೈಪಿನೊಳಗಿನ ಆಯಿಲಿನ ಮೂಲಕ. ಬೆಟ್ಟ ಇಳಿಯುವ ರೇಸಿಗೆ ಮೊದಲ ಸಲ ಹೆಸರು ಕೊಡುವ ಆಸೆ ಇದ್ದು, ಮನೆಯಲ್ಲಿರುವ ವೈರ್ ಡಿಸ್ಕಿನ ಸೈಕಲ್ಲೇ ಸಾಕಾ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೋದ ವರ್ಷ ವೈರಿನಲ್ಲಿ ಇಳಿದೆ, ಈ ವರ್ಷ ಆಯಿಲಿನಲ್ಲಿ ಇಳಿದೆ, ದಾರಿ ಅದೇ.

ದಾರಿ ಎಂದರೆ ಶಿರಸಿಯಿಂದ ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟಕ್ಕಿಂತ ಮೊದಲೇ ಒಳಗೆ ತಿರುಗಿದರೆ ಸಿಗುವ ಒಂದು ಊರಿನ ಬೆಟ್ಟದ ದಾರಿ. ಹಿಂದೆ ಬೆಟ್ಟದಿಂದ ತೋಟಕ್ಕೆ ಸೊಪ್ಪಿನ ಗಾಡಿ ಇಳಿಯುತ್ತಿತ್ತು. ಈಗ ಗಾಡಿ ಇಲ್ಲ, ಕೊರಕಲು ಮಾತ್ರ ಇದೆ. ಉದ್ದ 1.8 ಕಿಲೋಮೀಟರ್, ಇಳಿತ ಸುಮಾರು 200 ಮೀಟರ್. ಮೇಲೆ ಚಿರೇಕಲ್ಲಿನ ಮೆಟ್ಟಿಲಿನಂಥ ಜಾಗ, ನಡುವೆ ಒಂದು ಹಳ್ಳ ಮತ್ತು ಅದರ ಮೇಲೆ ಮರದ ಸಂಕ, ಕೆಳಗೆ ದರಕು, ಅಂದರೆ ಒಣಗಿದ ಎಲೆ, ಮುಚ್ಚಿದ ತಿರುವುಗಳು. ಜನವರಿಯ ಬೆಳಿಗ್ಗೆ ಆ ದರಕಿನ ಮೇಲೆ ಇಬ್ಬನಿ ಬಿದ್ದಿರುತ್ತದೆ, ಅದರಡಿ ಬೇರು ಇದೆಯಾ ಕಲ್ಲು ಇದೆಯಾ ಎಂದು ಟೈರಿಗಷ್ಟೇ ಗೊತ್ತು. ರೇಸ್ ಅಂದರೂ ನಾವು ಇಪ್ಪತ್ತೆರಡು ಜನ ಹವ್ಯಾಸಿಗಳು, ಎರಡೆರಡು ನಿಮಿಷದ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಯಾರು ಕಡಿಮೆ ಸಮಯದಲ್ಲಿ ಇಳಿದರೋ ಅವರು ಗೆದ್ದರು. ದೊಡ್ಡ ಡೌನ್‌ಹಿಲ್ ರೇಸುಗಳೂ ಹೀಗೇ, ಒಬ್ಬೊಬ್ಬರೇ ಗಡಿಯಾರದ ಎದುರು.

ಬ್ರೇಕಿನ ಬಗ್ಗೆ ಯಾಕೆ ಇಷ್ಟು ತಲೆ ಕೆಡಿಸಿಕೊಂಡೆ ಅಂದರೆ, ಒಂದು ಲೆಕ್ಕ ಹಾಕಿ ನೋಡಿ. ನಾನು, ಸೈಕಲ್ಲು, ಹೆಲ್ಮೆಟ್ಟು, ಮಂಡಿಗೆ ಕಟ್ಟಿದ ಪ್ಯಾಡು ಎಲ್ಲ ಸೇರಿ 85 ಕೆಜಿ. ಇಷ್ಟು ಭಾರ 200 ಮೀಟರ್ ಕೆಳಗೆ ಬಂದು ನಿಲ್ಲಬೇಕು ಅಂದರೆ ಸುಮಾರು 167 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಅರ್ಧ ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು ಶಾಖ ಅದು. ಗಾಳಿಗೆ, ಟೈರಿಗೆ ಸ್ವಲ್ಪ ಹೋಗುತ್ತದೆ, ಉಳಿದದ್ದೆಲ್ಲ ಎರಡು ತೆಳ್ಳನೆ ಡಿಸ್ಕಿಗೆ. ಈ ಡಿಸ್ಕಿಗೇ ರೋಟರ್ ಅನ್ನುವುದು. ಕೆಳಗೆ ಬಂದ ತಕ್ಷಣ ರೋಟರ್ ಮುಟ್ಟಲು ಹೋಗಬೇಡಿ, ಚರ್ಮ ಕಿತ್ತು ಬರುತ್ತದೆ.

ಈ ಆಟ ಹುಟ್ಟಿದಾಗಿನಿಂದಲೂ ಇದೇ ತಾಪತ್ರಯ. 1976ರ ಅಕ್ಟೋಬರ್ 21ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫೇರ್‌ಫ್ಯಾಕ್ಸ್ ಎಂಬ ಊರಿನ ಹತ್ತಿರ ಕೆಲವು ಹುಡುಗರು ಹಳೇ ದಪ್ಪ ಟೈರಿನ ಸೈಕಲ್ ಹಿಡಿದು ಬೆಟ್ಟ ಇಳಿಯುವ ರೇಸ್ ಶುರು ಮಾಡಿದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ನಡುವಿನ ಹಬ್ ಒಳಗೇ ಬ್ರೇಕ್ ಹಿಡಿಯುವ ಸೈಕಲ್ಲುಗಳವು. ಒಂದು ಸಲ ಇಳಿಯುವಷ್ಟರಲ್ಲಿ ಹಬ್ ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ಆ ರೇಸಿನ ಹೆಸರು ರೀಪ್ಯಾಕ್. ಅಂದರೆ ಮತ್ತೆ ತುಂಬು ಅಂತ. ನನಗೆ ಈ ಕಥೆ ತುಂಬಾ ಹತ್ತಿರದ್ದು ಅನಿಸುತ್ತದೆ, ಯಾಕೆಂದರೆ ನಾನೂ ಒಂದು ವಾರ ಪೂರ್ತಿ ಬಿಚ್ಚುವುದು, ತುಂಬುವುದು ಇದೇ ಮಾಡಿದ್ದೇನೆ. ಅದು ಮುಂದೆ ಬರುತ್ತದೆ.

ಈಗ ಮುಖ್ಯ ವಿಷಯ. ವೈರ್ ಡಿಸ್ಕ್ ನಿಲ್ಲಿಸುವುದಿಲ್ಲ ಅಂತಲ್ಲ, ಸರಿಯಾಗಿ ಕಟ್ಟಿದರೆ ಚೆನ್ನಾಗಿಯೇ ನಿಲ್ಲಿಸುತ್ತದೆ. ಆದರೆ ಬೆರಳಿನ ಕಥೆ ಬೇರೆ. ವೈರಿನಲ್ಲಿ ನನಗೆ ಎರಡು ಬೆರಳು ಬೇಕು, ಕಡಿದಾದ ಕಡೆ ಮೂರು. ಆ ಬೆರಳು ಬ್ರೇಕಿನ ಮೇಲೆ ಹೋದರೆ ಹ್ಯಾಂಡಲ್ ಹಿಡಿಯಲು ಉಳಿಯುವುದು ಹೆಬ್ಬೆರಳು ಮತ್ತು ಒಂದೋ ಎರಡೋ ಬೆರಳು ಮಾತ್ರ. ಚಿರೇಕಲ್ಲಿನ ಮೇಲೆ ಮುಂದಿನ ಚಕ್ರ ದಡದಡ ಕುಣಿಯುವಾಗ ಅಷ್ಟರಲ್ಲೇ ಹ್ಯಾಂಡಲ್ ಹಿಡಿದುಕೊಳ್ಳಬೇಕು. ಸಂಕ ದಾಟುವ ಹೊತ್ತಿಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಕಟ್ಟಿಗೆಯ ಹಾಗೆ ಬಿಗಿದು ಬರುತ್ತದೆ, ಬೆರಳು ಮುಚ್ಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮುಚ್ಚುವುದಿಲ್ಲ. ಹೋದ ವರ್ಷ ಕೆಳಗಿನ ಮೂರನೇ ತಿರುವಿನಲ್ಲಿ ನಾನು ಬಿದ್ದಿದ್ದು ವೇಗಕ್ಕಲ್ಲ. ಬ್ರೇಕ್ ಹಿಡಿ ಎಂದು ತಲೆ ಹೇಳಿದರೂ ಕೈ ಕೇಳಲಿಲ್ಲ, ಅಷ್ಟೇ.

ಆಯಿಲಿನಲ್ಲಿ ಒಂದೇ ಬೆರಳು. ತೋರುಬೆರಳು ಲಿವರ್ ಮೇಲೆ, ಉಳಿದ ಮೂರು ಬೆರಳು ಹ್ಯಾಂಡಲ್ ಮೇಲೆ, ಕೊನೆಯವರೆಗೂ.

ಇದು ಸುಮ್ನೆ ಮನಸ್ಸಿಗೆ ಅನಿಸಿದ್ದಾ, ನಿಜವಾ ಅಂತ ನೋಡಬೇಕಿತ್ತು. ವರ್ಷದ ಮೇಲೆ ವರ್ಷ ಇಳಿದರೆ ಅಭ್ಯಾಸದಿಂದಲೇ ಸಮಯ ಕಡಿಮೆ ಆಗುತ್ತದೆ, ಅಲ್ವಾ? ಅದಕ್ಕೆ ರೇಸ್ ಮುಗಿದ ಮೇಲೆ ಒಂದು ಭಾನುವಾರ ಹಳೇ ವೈರ್ ಸೆಟ್ ವಾಪಸ್ ಹಾಕಿಕೊಂಡು ಹೋದೆ. ರೋಟರ್ ಅದೇ, ಟೈರ್ ಅದೇ, ಟೈರಿನ ಗಾಳಿಯೂ ಅಷ್ಟೇ. ವೈರಿನಲ್ಲಿ ಮೂರು ಸಲ, ಮಧ್ಯಾಹ್ನ ಊಟ ಮಾಡಿ ಎರಡು ತಾಸು ಮಲಗಿ ಎದ್ದು ಆಯಿಲಿನಲ್ಲಿ ಮೂರು ಸಲ. ಸರಾಸರಿ ವೈರಿಗೆ 5 ನಿಮಿಷ 41 ಸೆಕೆಂಡ್, ಆಯಿಲಿಗೆ 5 ನಿಮಿಷ 16 ಸೆಕೆಂಡ್. ಸೋದರಮಾವನ ಮಗ ಸಂಕದ ಹತ್ತಿರ ನಿಂತು ಅಲ್ಲಿಯದ್ದೂ ಬರೆದುಕೊಂಡಿದ್ದ. ಸಂಕದವರೆಗಿನ ವ್ಯತ್ಯಾಸ ಬರೀ 5 ಸೆಕೆಂಡ್. ಉಳಿದ 20 ಸೆಕೆಂಡ್ ಪೂರ್ತಿ ಸಂಕದಿಂದ ಕೆಳಗೆ, ಕೈ ಸೋತ ಮೇಲೆ. ಆ ಚೀಟಿ ನೋಡಿದಾಗ ನನ್ನ ಅನುಮಾನ ಪೂರ್ತಿ ಹೋಯಿತು.

ವೈರಿನ ಇನ್ನೊಂದು ತೊಂದರೆ, ಕಡಿಮೆ ಬೆಲೆಯ ಸೆಟ್ಟುಗಳಲ್ಲಿ ಡಿಸ್ಕನ್ನು ಹಿಡಿಯುವ ಎರಡು ಬ್ರೇಕ್ ಪ್ಯಾಡುಗಳ ಪೈಕಿ ಒಂದೇ ಕಡೆಯ ಪ್ಯಾಡ್ ಚಲಿಸುತ್ತದೆ, ಆ ಪ್ಯಾಡ್ ರೋಟರನ್ನು ಬಗ್ಗಿಸಿ ಇನ್ನೊಂದಕ್ಕೆ ಒತ್ತುತ್ತದೆ. ಪ್ಯಾಡ್ ಸವೆದಂತೆ ನಾವೇ ತಿರುಪು ತಿರುಗಿಸಿ ಹತ್ತಿರ ತರಬೇಕು. ಆಯಿಲಿನಲ್ಲಿ ಎರಡೂ ಕಡೆಯಿಂದ ಪಿಸ್ಟನ್ ಒತ್ತುತ್ತದೆ, ಸವೆದಷ್ಟು ತಾನಾಗಿಯೇ ಮುಂದೆ ಬರುತ್ತದೆ.

ಕುಮಟಾದಲ್ಲಿರುವ ಗೆಳೆಯ ಇದನ್ನು ಒಪ್ಪುವುದಿಲ್ಲ. "ಆಯಿಲ್ ಸೋರಿದ್ರೆ ಎಂತ ಮಾಡ್ತೆ ಮಾರಾಯ? ವೈರ್ ಆದ್ರೆ ಯಾವ ಸೈಕಲ್ ಅಂಗಡಿಯಲ್ಲೂ ಸಿಗ್ತದೆ" ಎನ್ನುತ್ತಾನೆ. ಮಾತು ನಿಜ. ನಲವತ್ತು ರೂಪಾಯಿಯ ವೈರು, ಒಂದು ಪ್ಲೈಯರ್ ಇದ್ದರೆ ಹತ್ತು ನಿಮಿಷದ ಕೆಲಸ. ಆದರೆ ಅವನದು ಸಮುದ್ರದ ಹತ್ತಿರದ ಮನೆ, ಉಪ್ಪು ಗಾಳಿಗೆ ವೈರ್ ಕವರಿನೊಳಗೇ ತುಕ್ಕು ಹಿಡಿದು ಮಳೆಗಾಲ ಮುಗಿಯುವಷ್ಟರಲ್ಲಿ ಲಿವರ್ ಕಲ್ಲಾಗಿರುತ್ತದೆ. ಘಟ್ಟದ ಮೇಲೆ ತುಕ್ಕು ಕಡಿಮೆ, ಕೆಸರು ಜಾಸ್ತಿ, ಫಲಿತಾಂಶ ಅದೇ.

ನಡುವಿನ ದಾರಿಯೂ ಒಂದಿದೆ. ಲಿವರಿನಿಂದ ವೈರ್ ಹೋಗಿ, ಚಕ್ರದ ಹತ್ತಿರ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಒಳಗೆ ಮಾತ್ರ ಆಯಿಲ್ ಇರುವ ಸೆಟ್. ಆ ಗೆಳೆಯನ ತಮ್ಮನ ಸೈಕಲ್ಲಿನಲ್ಲಿ ಎರಡು ಸಲ ಇಳಿದೆ. ಹಿಡಿತ ಚೆನ್ನಾಗಿದೆ, ಆದರೆ ಎಳೆಯುವುದು ವೈರ್ ತಾನೇ, ಕೈ ಸೋಲುವುದು ಬಹುಪಾಲು ಹಾಗೇ ಇತ್ತು.

ಇನ್ನು ಆಯಿಲಿನ ತಾಪತ್ರಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ಮೊದಲೇ ಗೊತ್ತಿದ್ದರೆ ನನ್ನ ಒಂದು ವಾರದ ನಿದ್ದೆ ಉಳಿಯುತ್ತಿತ್ತು.

ನಾನು ತಂದಿದ್ದು ಶಿಮಾನೋ ಕಂಪನಿಯ ಎಂಟಿ200 ಬ್ರೇಕ್, ಹಿಂದೆ ಮುಂದೆ ಎರಡೂ ಸೇರಿ 5,400 ಕೊಟ್ಟೆ. ಮುಂದಿನ ಬ್ರೇಕಿನ ಆಯಿಲ್ ಪೈಪ್ ನನ್ನ ಸೈಕಲ್ಲಿಗೆ ಉದ್ದ ಆಗುತ್ತಿತ್ತು, ಬೇರಿಗೋ ಗಿಡಕ್ಕೋ ಸಿಕ್ಕಿಕೊಳ್ಳುತ್ತದೆ ಎಂದು ನಾನೇ ಕತ್ತರಿಸಿ ಗಿಡ್ಡ ಮಾಡಿದೆ. ಕತ್ತರಿಸುವಾಗ ಲೈನಿನೊಳಗೆ ಏರ್ ಸೇರಿತು. ಲಿವರ್ ಒತ್ತಿದರೆ ಸ್ಪಂಜ್ ಒತ್ತಿದ ಹಾಗೆ, ಹ್ಯಾಂಡಲ್‌ವರೆಗೂ ಬರುತ್ತಿತ್ತು. ಏರ್ ತೆಗೆಸಬೇಕು, ಆದರೆ ಸೈಕಲ್ಲಿನ ಆಯಿಲ್ ಬ್ರೇಕ್ ಬಿಚ್ಚಿದವರು ನಮ್ಮ ಹತ್ತಿರದಲ್ಲಿ ಯಾರೂ ಸಿಗಲಿಲ್ಲ. ಮೋಟಾರ್ ಬೈಕಿನ ಡಿಸ್ಕ್ ಬ್ರೇಕ್ ದಿನಾ ಮಾಡುವವರು ಇದ್ದಾರಲ್ಲ ಎಂದು ಪೇಟೆಯ ಒಂದು ಗ್ಯಾರೇಜಿಗೆ ಹೋದೆ. ಅವರು ಒಳ್ಳೆಯ ಕೆಲಸಗಾರರು, ಅರ್ಧ ಗಂಟೆಯಲ್ಲಿ ಏರೆಲ್ಲ ತೆಗೆದು ಹೊಸ ಆಯಿಲ್ ತುಂಬಿ, "ಭಟ್ರೇ, ಈಗ ಹಿಡಿದು ನೋಡಿ, ಕಲ್ಲಿನಂಗೆ ಆಗಿದೆ" ಎಂದರು. ನಿಜವಾಗಿಯೂ ಹಾಗೇ ಆಗಿತ್ತು. ಎರಡು ದಿನ ಖುಷಿಯಿಂದ ಇಳಿದೆ.

ನಾಲ್ಕನೇ ದಿನ ಲಿವರ್ ಒತ್ತಿದರೆ ವಾಪಸ್ ಬರಲು ತಡ ಮಾಡಿತು. ಆರನೇ ದಿನ ವಾಪಸ್ ಬರಲೇ ಇಲ್ಲ. ಪ್ಯಾಡ್ ರೋಟರಿಗೆ ಅಂಟಿಕೊಂಡು ಚಕ್ರ ತಿರುಗದು. ಮತ್ತೆ ಏರ್ ಇರಬೇಕು ಎಂದುಕೊಂಡು ಬಿಚ್ಚಿದೆ, ತುಂಬಿದೆ, ಬಿಚ್ಚಿದೆ. ರಾತ್ರಿ ಹನ್ನೊಂದರವರೆಗೆ ಜಗಲಿಯಲ್ಲಿ ಕೂತು ನೋಡುವಾಗ ಲಿವರಿನ ಮುಚ್ಚಳದ ಮೇಲಿನ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು: ಮಿನರಲ್ ಆಯಿಲ್ ಮಾತ್ರ. ಗ್ಯಾರೇಜಿನಲ್ಲಿ ತುಂಬಿದ್ದು ಡಾಟ್ 4, ಮೋಟಾರ್ ಬೈಕಿನ ಬ್ರೇಕಿಗೆ ಹಾಕುವ ಆಯಿಲ್. ಎರಡೂ ನೋಡಲು ಬ್ರೇಕ್ ಆಯಿಲ್ಲೇ, ಆದರೆ ಜಾತಿ ಬೇರೆ. ಮಿನರಲ್ ಆಯಿಲಿಗೆ ಮಾಡಿದ ರಬ್ಬರ್ ಸೀಲು ಡಾಟ್ ಆಯಿಲಿನಲ್ಲಿ ನೆನೆದ ಕಡಲೆಯ ಹಾಗೆ ಊದಿಕೊಳ್ಳುತ್ತದೆ, ಊದಿದ ಮೇಲೆ ಪಿಸ್ಟನ್ ಸರಿಯುವುದಿಲ್ಲ. ತೊಳೆದು ಮತ್ತೆ ಸರಿಯಾದ ಆಯಿಲ್ ತುಂಬಿದರೂ ಊದಿದ ಸೀಲು ಮೊದಲಿನಂತೆ ಆಗಲಿಲ್ಲ. ಬೆಂಗಳೂರಿನಿಂದ ಮುಂದಿನ ಬ್ರೇಕ್ ಒಂದನ್ನೇ ಹೊಸದು ತರಿಸಿದೆ, ಅದೇ ಆ 2,600. ಕೊರಿಯರ್ ಬಂದಿದ್ದು ರೇಸಿಗೆ ಎರಡು ದಿನ ಇರುವಾಗ.

ಹಾಗಾಗಿ ದಯವಿಟ್ಟು ಮುಚ್ಚಳ ಓದಿ. ಶಿಮಾನೋ, ಟೆಕ್ಟ್ರೋ, ಮಗುರಾ ಇವಕ್ಕೆ ಮಿನರಲ್ ಆಯಿಲ್. ಸ್ರಾಮ್‌ನ ಬಹಳಷ್ಟು ಬ್ರೇಕುಗಳಿಗೆ ಡಾಟ್, ಅವರದೇ ಕೆಲವು ಹೊಸ ಮಾಡೆಲ್‌ಗಳಿಗೆ ಮಿನರಲ್. ಒಂದರ ಸಿರಿಂಜನ್ನು ಇನ್ನೊಂದಕ್ಕೆ ಬಳಸಬೇಡಿ. ನಾನೀಗ 900 ರೂಪಾಯಿಯ ಕಿಟ್ ಇಟ್ಟುಕೊಂಡಿದ್ದೇನೆ: ಲಿವರ್ ಮೇಲೆ ಕೂರಿಸುವ ಸಣ್ಣ ಆಲಿಕೆ, ಕೆಳಗೆ ಕ್ಯಾಲಿಪರಿಗೆ ಸಿರಿಂಜು, ನೂರು ಎಂಎಲ್ ಬಾಟಲಿ. ಕೆಳಗಿನಿಂದ ನಿಧಾನಕ್ಕೆ ಒತ್ತಬೇಕು, ಪೈಪಿಗೆ ಬೆರಳಿನಿಂದ ತಟ್ಟುತ್ತಾ ಇರಬೇಕು, ಆಲಿಕೆಯಲ್ಲಿ ಗುಳ್ಳೆ ಬರುವುದು ನಿಂತರೆ ಆಯಿತು. ಮೊದಲ ಸಲ ಎರಡು ತಾಸು ಹಿಡಿಯಿತು, ಈಗ ಇಪ್ಪತ್ತು ನಿಮಿಷ.

ಇನ್ನೊಂದು ಸಣ್ಣ ವಿಷಯ. ಸೈಕಲ್ಲನ್ನು ಪಿಕಪ್ ಗಾಡಿಯಲ್ಲಿ ಹಾಕುವಾಗ ಚಕ್ರ ಬಿಚ್ಚುತ್ತೇವೆ. ಚಕ್ರ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡುಗಳು ಹತ್ತಿರ ಬಂದು ಕೂತುಬಿಡುತ್ತವೆ, ಮತ್ತೆ ರೋಟರ್ ಒಳಗೆ ಹೋಗುವುದಿಲ್ಲ. ಮಾವನ ಮಗ ಹಾಗೇ ಒತ್ತಿ "ಭಾವಾ, ಎಂತೋ ಆತು ನೋಡು" ಎಂದು ಮುಖ ಸಣ್ಣ ಮಾಡಿದ್ದ. ಆಮೇಲೆ ನಾವು ಒಣಗಿದ ಅಡಿಕೆ ಹಾಳೆಯ ತುಂಡು ಮಡಚಿ ಪ್ಯಾಡುಗಳ ನಡುವೆ ಸಿಕ್ಕಿಸುತ್ತೇವೆ. ಎಣ್ಣೆ ಪಸೆ ಇಲ್ಲದ ಹಾಳೆ ಆಗಬೇಕು, ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲಿ ರೋಟರ್, ಪ್ಯಾಡ್ ಮುಟ್ಟಬಾರದು, ಮುಟ್ಟಿದರೆ ಕಿರುಚಲು ಶುರು ಮಾಡುತ್ತದೆ, ಹಿಡಿತವೂ ಹೋಗುತ್ತದೆ.

ಪ್ಯಾಡ್: ಕೆಸರಿನಲ್ಲಿ ರೆಸಿನ್, ಅಂದರೆ ರಾಳದಿಂದ ಗಟ್ಟಿ ಮಾಡಿದ ಪ್ಯಾಡ್, ಬೇಗ ಸವೆಯುತ್ತದೆ, ಲೋಹದ್ದು ಹೆಚ್ಚು ಬಾಳಿಕೆ ಬರುತ್ತದೆ ಆದರೆ ಸದ್ದು. ಕೊಳ್ಳುವ ಮೊದಲು ರೋಟರಿನ ಮೇಲೆ ರೆಸಿನ್ ಪ್ಯಾಡ್ ಓನ್ಲಿ, ಅಂದರೆ ರೆಸಿನ್ ಪ್ಯಾಡ್ ಮಾತ್ರ, ಎಂದು ಕೊರೆದಿದೆಯಾ ನೋಡಿ. ನನ್ನದರಲ್ಲಿ ಕೊರೆದಿತ್ತು, ಲೋಹದ ಪ್ಯಾಡ್ ಹಾಗೇ ಡಬ್ಬಿಯಲ್ಲಿದೆ.

ದುಡ್ಡಿನ ಲೆಕ್ಕ: ವೈರ್ ಸೆಟ್ 1,800ಕ್ಕೆ ಬಂದಿತ್ತು. ಆಯಿಲಿಗೆ ನನ್ನ ತಪ್ಪಿನ 2,600 ಮತ್ತು ಕಿಟ್ಟಿನ 900 ಸೇರಿಸಿದರೆ 8,900. ಅಡಿಕೆ ಕೊಯ್ಲಿನ ದುಡ್ಡು ಬಂದಾಗ ಅಪ್ಪನ ಹತ್ತಿರ ಕೇಳಿ ತಗೊಂಡಿದ್ದು, ಸಣ್ಣ ಮೊತ್ತ ಏನಲ್ಲ. ಆದರೂ ಅದೇ ದುಡ್ಡಿಗೆ ಹೊಸ ಟೈರ್ ತಗೊಳ್ಳಲಾ, ಬ್ರೇಕ್ ತಗೊಳ್ಳಲಾ ಎಂದು ಯಾರಾದರೂ ಕೇಳಿದರೆ ನಾನು ಬ್ರೇಕ್ ಅನ್ನುತ್ತೇನೆ. ರೇಸಿಗೆ ಹೋಗದೆ, ಪೇಟೆಗೂ ತೋಟಕ್ಕೂ ಮಾತ್ರ ಸೈಕಲ್ ಹೊಡೆಯುವವರು ವೈರಿನಲ್ಲೇ ಇರಿ, ನಿಮ್ಮ ಕೈ ಅಷ್ಟು ಸೋಲುವುದಿಲ್ಲ. ಬೇರೆ ಊರಿನಲ್ಲಿ ಇದ್ದುಕೊಂಡು, ಮನೆಯಲ್ಲಿ ಬಿಚ್ಚಿ ಕೂರಲು ಜಾಗವೂ ಪುರಸೊತ್ತೂ ಇಲ್ಲದವರೂ ಅಷ್ಟೇ, ವೈರೇ ಒಳ್ಳೆಯದು.

ನನ್ನ ಹಳೇ ವೈರ್ ಸೆಟ್ ಈಗ ಮಾವನ ಮಗನ ಸೈಕಲ್ಲಿನಲ್ಲಿದೆ. ಅವನು ಮುಂದಿನ ಜನವರಿಗೆ ಹೆಸರು ಕೊಡುತ್ತಾನಂತೆ. ಮೊನ್ನೆ ಸಂಕದಿಂದ ಕೆಳಗೆ ಇಳಿದು ಬಂದವನು ಏನೂ ಮಾತಾಡದೆ ಎರಡೂ ಕೈ ಕೊಡವುತ್ತಾ ನಿಂತಿದ್ದ, ಆಮೇಲೆ ನನ್ನ ಸೈಕಲ್ಲಿನ ಲಿವರನ್ನು ಒಂದು ಬೆರಳಿನಲ್ಲಿ ಒತ್ತಿ ನೋಡಿದ.