ಕಾಸರಗೋಡಿನ ಸ್ಕ್ಯಾನಿಂಗ್ ಕೇಂದ್ರದಲ್ಲಿ ಮಕ್ಕಳ ಹೊಟ್ಟೆಯ ತಪಾಸಣೆ

ಕೋವಿಡ್ ಬಂದುಹೋದ ಎರಡರಿಂದ ಆರು ವಾರಗಳಲ್ಲಿ ಕೆಲವು ಮಕ್ಕಳನ್ನು ಕಾಡುವ, 2020ರಲ್ಲಿ ಮೊದಲು ಗುರುತಿಸಲಾದ ಬಹು ಅಂಗಾಂಗ ಉರಿಯೂತದಲ್ಲಿ ಜ್ವರದೊಂದಿಗೆ ಹೊಟ್ಟೆನೋವೂ ಹಲವೊಮ್ಮೆ ತೀವ್ರವಾಗಿರುವುದರಿಂದ ಅದನ್ನು ಅಪೆಂಡಿಸೈಟಿಸ್ (ದೊಡ್ಡ ಕರುಳಿಗೆ ಅಂಟಿಕೊಂಡ ಅಪೆಂಡಿಕ್ಸ್ ಎಂಬ ಸಣ್ಣ ಚೀಲದ ಉರಿಯೂತ) ಎಂದು ಭಾವಿಸುವ ಸಾಧ್ಯತೆಯಿದೆ. ಅಕ್ಕನ ಮಗನ ವಿಷಯದಲ್ಲಿ ಇವೆರಡರಲ್ಲಿ ಯಾವುದೆಂಬ ಸಂಶಯ ಬಂದಾಗ ಪೇಟೆಯ ಈ ಕೇಂದ್ರದಲ್ಲಿ ಅಲ್ಟ್ರಾಸೌಂಡ್ ಮಾಡಿಸಿದೆವು. ವಿಕಿರಣವಿಲ್ಲದ್ದರಿಂದ ಮಕ್ಕಳಿಗೆ ಮೊದಲು ಇದನ್ನೇ ಮಾಡುವುದು ರೂಢಿ. ವೈದ್ಯೆಯವರು ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಚ್ಚಿ, ನೋವಿದ್ದ ಬಲಭಾಗವನ್ನು ಕೊನೆಗೆ ಪರೀಕ್ಷಿಸಿ, ಅಪೆಂಡಿಕ್ಸ್ ಸಹಜವಾಗಿದೆ, ಆದರೆ ಕರುಳಿನ ಸುತ್ತಲಿನ ದುಗ್ಧಗ್ರಂಥಿಗಳು (ಲಿಂಫ್ ಗಂಟುಗಳು) ಊದಿವೆ, ಪಿತ್ತಕೋಶದ ಗೋಡೆ ದಪ್ಪವಾಗಿದೆ, ಹೊಟ್ಟೆಯಲ್ಲಿ ಸ್ವಲ್ಪ ನೀರಿದೆ ಎಂದು ಪರದೆಯಲ್ಲೇ ತೋರಿಸಿ ಕನ್ನಡದಲ್ಲಿ ವಿವರಿಸಿದರು. ಇದೊಂದರಿಂದಲೇ ರೋಗ ತೀರ್ಮಾನವಾಗದು, ರಕ್ತಪರೀಕ್ಷೆಯೂ ಹೃದಯದ ಎಕೋವೂ (ಹೃದಯದ ಅಲ್ಟ್ರಾಸೌಂಡ್) ಬೇಕೇ ಬೇಕು ಎಂದು ಅವರು ಸ್ಪಷ್ಟವಾಗಿ ಹೇಳಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಕಾಯುವ ಕೋಣೆ ಮಾತ್ರ ಇಕ್ಕಟ್ಟು. ಫಲಕಗಳೆಲ್ಲ ಮಲಯಾಳದಲ್ಲಿವೆ, ಅದು ಇಲ್ಲಿ ಹೊಸತೇನಲ್ಲ. ದರ ದುಬಾರಿಯೆನಿಸಲಿಲ್ಲ.